ಕೊಲೆಗಾರ ಮೊದಲೇ ಗೊತ್ತಾದರೂ ಪರವಾಗಿಲ್ಲ

ಸತ್ಯಜಿತ್ ರಾಯ್ ‘ಸೋನಾರ್ ಕೆಲ್ಲಾ’ ಕಾದಂಬರಿ ಬರೆದದ್ದು 1971ರಲ್ಲಿ. ಮೂರು ವರ್ಷ ಕಳೆದ ಮೇಲೆ ಅದನ್ನು ತೆರೆಗೆ ತಂದವರೂ ಅವರೇ. ಕಥೆ ಅವರದು, ಚಿತ್ರಕಥೆ ಅವರದು, ಸಂಗೀತ ಅವರದು, ನಿರ್ದೇಶನವೂ ಅವರದು. ದುಡ್ಡು ಹಾಕಿದ್ದು ಪಶ್ಚಿಮ ಬಂಗಾಳ ಸರ್ಕಾರ. ಒಂದಕ್ಷರವನ್ನೂ ಮುಟ್ಟಬೇಡಿ ಎಂದು ಹಟ ಹಿಡಿಯುವ ಕಾದಂಬರಿಕಾರ ಒಂದು ಕಡೆ, ಜನಕ್ಕೆ ಹಿಡಿಸುವ ಹಾಗೆ ತಿದ್ದಿ ಎನ್ನುವ ನಿರ್ಮಾಪಕ ಇನ್ನೊಂದು ಕಡೆ ಎಂಬ ಎಂದಿನ ಜಗಳಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ತಮ್ಮ ಪತ್ತೇದಾರಿ ಕಾದಂಬರಿಯನ್ನು ಬೇಕೆಂದ ಹಾಗೆ ಸಿನಿಮಾ ಮಾಡುವ ಪೂರ್ತಿ ಸ್ವಾತಂತ್ರ್ಯ ಇದ್ದ ಅಪರೂಪದ ಲೇಖಕರು ಅವರು. ಆ ಸ್ವಾತಂತ್ರ್ಯವನ್ನು ಅವರು ಬಳಸಿಕೊಂಡ ಬಗೆ ಇದು: ಪುಸ್ತಕದಲ್ಲಿ ಕೊನೆಯವರೆಗೆ ಜೋಪಾನ ಮಾಡಿದ್ದ ಗುಟ್ಟನ್ನು ಚಿತ್ರದ ಮೊದಲ ಭಾಗದಲ್ಲೇ ಪ್ರೇಕ್ಷಕರಿಗೆ ತೋರಿಸಿಬಿಟ್ಟರು.

ಕಾದಂಬರಿಯಲ್ಲಿ ಕಥೆ ಹೇಳುವವನು ತೊಪ್‌ಶೆ. ಪತ್ತೇದಾರ ಫೆಲುದಾನ ಚಿಕ್ಕ ವಯಸ್ಸಿನ ಸೋದರಸಂಬಂಧಿ. ಅವನು ಎಲ್ಲಿರುತ್ತಾನೋ ಅಲ್ಲಿ ಮಾತ್ರ ಓದುಗ ಇರುತ್ತಾನೆ, ಅವನಿಗೆ ಕಂಡದ್ದು ಮಾತ್ರ ಓದುಗನಿಗೆ ಕಾಣುತ್ತದೆ. ಕಲ್ಕತ್ತದ ಮುಕುಲ್ ಎಂಬ ಪುಟ್ಟ ಹುಡುಗನಿಗೆ ಹಿಂದಿನ ಜನ್ಮದ ನೆನಪು ಬರುತ್ತಿದೆ. ಯಾವುದೋ ಚಿನ್ನದ ಕೋಟೆಯ ಮಾತಾಡುತ್ತಾನೆ, ಅದರ ಚಿತ್ರ ಬರೆಯುತ್ತಾನೆ. ಡಾಕ್ಟರ್ ಹಾಜ್ರಾ ಎಂಬ ಪರಾಮನಶ್ಶಾಸ್ತ್ರಜ್ಞರು ಆ ಕೋಟೆ ಹುಡುಕಲು ಅವನನ್ನು ರಾಜಸ್ಥಾನಕ್ಕೆ ಕರೆದೊಯ್ಯುತ್ತಾರೆ. ಪತ್ರಿಕೆಯಲ್ಲಿ ಸುದ್ದಿ ಓದಿದ ಇಬ್ಬರು ಖದೀಮರು ನಿಧಿಯ ಆಸೆಗೆ ಬೆನ್ನು ಹತ್ತುತ್ತಾರೆ. ಪುಸ್ತಕ ಓದುವವರಿಗೆ ಯಾರು ಯಾರು ಎನ್ನುವುದು ಬಹಳ ಹೊತ್ತು ತಿಳಿಯುವುದಿಲ್ಲ, ಏಕೆಂದರೆ ತೊಪ್‌ಶೆಗೇ ತಿಳಿದಿಲ್ಲ. ಸಿನಿಮಾದಲ್ಲಿ ಹಾಗಲ್ಲ. ಕ್ಯಾಮೆರಾ ತೊಪ್‌ಶೆಯನ್ನು ಬಿಟ್ಟು ಜೈಪುರದ ನಾಹರಗಢ ಕೋಟೆಗೆ ಹೋಗುತ್ತದೆ. ಅಸಲಿ ಡಾಕ್ಟರನ್ನು ಖದೀಮರು ಬೆಟ್ಟದಿಂದ ಕೆಳಗೆ ತಳ್ಳುವುದನ್ನು, ಒಬ್ಬ ಅವರ ಹೆಸರನ್ನೇ ಹೊತ್ತುಕೊಂಡು ಹುಡುಗನ ಕೈ ಹಿಡಿದು ನಡೆಯುವುದನ್ನು ತೋರಿಸುತ್ತದೆ.

ಅಲ್ಲಿಂದ ಮುಂದೆ ‘ಯಾರು’ ಎಂಬ ಪ್ರಶ್ನೆ ಇಲ್ಲ. ಆದರೆ ಮುಕುಲ್ ಆ ಮನುಷ್ಯನ ಪಕ್ಕದಲ್ಲಿ ಕೂತಾಗಲೆಲ್ಲ ಚಿತ್ರಮಂದಿರದಲ್ಲಿ ಕೂತ ಮಗುವಿಗೂ ಎದೆ ಡವಗುಟ್ಟುತ್ತದೆ. ಫೆಲುದಾ ಅದೇ ಆಸಾಮಿಯೊಂದಿಗೆ ನಗುನಗುತ್ತಾ ಮಾತಾಡುವಾಗ, ‘ಅಯ್ಯೋ, ಇವನೇ ಅವನು’ ಎಂದು ಕೂಗಿ ಹೇಳಬೇಕೆನಿಸುತ್ತದೆ. ಪುಸ್ತಕದಲ್ಲಿ ಪ್ರಶ್ನೆಯಾಗಿದ್ದದ್ದು ತೆರೆಯ ಮೇಲೆ ಭಯವಾಯಿತು. ಭಯಕ್ಕೆ ಜತೆಯಾಗಿ ಮರುಭೂಮಿ ಬಂತು, ರೈಲು ಹಿಡಿಯಲು ಒಂಟೆಗಳ ಓಟ ಬಂತು, ಕೊನೆಗೆ ಜೈಸಲ್ಮೇರಿನ ಹಳದಿ ಕಲ್ಲಿನ ಕೋಟೆ ಬಂತು. ಆ ಚಿತ್ರ ನೋಡಿದ ಬಂಗಾಳಿಗಳು ತಲೆಮಾರುಗಟ್ಟಲೆ ಜೈಸಲ್ಮೇರಿಗೆ ಪ್ರವಾಸ ಹೋಗುತ್ತಲೇ ಇದ್ದಾರೆ.

ರಾಯ್ ಅವರಿಗೆ ಈ ತಿಳಿವಳಿಕೆ ಸುಮ್ಮನೆ ಬಂದದ್ದಲ್ಲ. 1967ರಲ್ಲಿ ಅವರು ಶರದಿಂದು ಬಂದ್ಯೋಪಾಧ್ಯಾಯರ ಪತ್ತೇದಾರ ವ್ಯೋಮಕೇಶನ ಕಾದಂಬರಿ ‘ಚಿಡಿಯಾಖಾನಾ’ವನ್ನು ಉತ್ತಮ್ ಕುಮಾರ್ ಅವರನ್ನು ಹಾಕಿಕೊಂಡು ಚಿತ್ರ ಮಾಡಿದ್ದರು. ಅದು ಅವರಿಗೆ ತೃಪ್ತಿ ಕೊಡಲಿಲ್ಲ. ಅಂಥ ಕಥೆಯ ತೊಡಕು ಇರುವುದು ಕೊನೆಯಲ್ಲಿ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಯಾರು ಯಾವಾಗ ಎಲ್ಲಿದ್ದರು, ಯಾವ ಸುಳ್ಳು ಹೇಳಿದರು ಎಂದು ಬಿಡಿಸಿ ಹೇಳಲೇಬೇಕು. ಪುಸ್ತಕದಲ್ಲಿ ಇದು ಔತಣ. ಓದುಗ ಹಿಂದಿನ ಪುಟಕ್ಕೆ ಹೋಗಿ, ಹೌದಲ್ಲ, ಇದು ಇಲ್ಲೇ ಇತ್ತಲ್ಲ ಎಂದು ಬೆರಗಾಗಬಹುದು. ಚಿತ್ರಮಂದಿರದಲ್ಲಿ ರೀಲು ಹಿಂದಕ್ಕೆ ಓಡುವುದಿಲ್ಲ. ಒಬ್ಬ ಮಾತಾಡುತ್ತಾನೆ, ಉಳಿದವರು ಕೇಳುತ್ತಾರೆ, ಸಿನಿಮಾ ನಿಂತುಹೋಗುತ್ತದೆ.

ಪತ್ತೇದಾರಿ ಕಾದಂಬರಿ ಬರೆದು, ಅದು ತೆರೆಗೆ ಬಂದರೆ ಹೇಗಿರುತ್ತದೆ ಎಂದು ಕನಸು ಕಾಣುವ ಲೇಖಕರೆಲ್ಲ ಮೊದಲು ನೋಡಬೇಕಾದ ಪಾಠ ಇದು. ಕನಸು ಸಾಮಾನ್ಯವಾಗಿ ಶುರುವಾಗುವುದು ನಟರ ಹೆಸರಿನಿಂದ. ಪತ್ತೇದಾರನ ಪಾತ್ರಕ್ಕೆ ಇಂಥವರು, ಇನ್‌ಸ್ಪೆಕ್ಟರ್‌ಗೆ ಇಂಥವರು. ಆಮೇಲೆ ಹುಟ್ಟುವ ಆತಂಕ, ತಿರುವನ್ನು ಎಲ್ಲಿ ಹಾಳುಮಾಡುತ್ತಾರೋ ಎಂಬುದು. ಎರಡೂ ಅಡಿಪಾಯದ ಸಂಗತಿಗಳಲ್ಲ. ತೆರೆಗೆ ಬರುವಾಗ ಗುಟ್ಟನ್ನು ಬಿಟ್ಟುಕೊಡಲು ಲೇಖಕ ಸಿದ್ಧನಿರಬೇಕು. ಬಿಟ್ಟುಕೊಡಬಾರದ್ದು ಊರನ್ನು, ಆ ಊರಲ್ಲಿ ಆ ಅಪರಾಧ ಯಾಕೆ ನಡೆಯಿತು ಎಂಬ ಕಾರಣವನ್ನು.

ಗುಟ್ಟು ಹೋದರೆ ಇನ್ನೇನು ಉಳಿಯಿತು ಎಂದು ಕೇಳುವವರಿಗೆ ‘ದಿ ಬಿಗ್ ಸ್ಲೀಪ್’ ಉತ್ತರ ಕೊಡುತ್ತದೆ. ರೇಮಂಡ್ ಚಾಂಡ್ಲರ್ ಬರೆದ 1939ರ ಆ ಕಾದಂಬರಿಯನ್ನು ಹೊವಾರ್ಡ್ ಹಾಕ್ಸ್ ಚಿತ್ರ ಮಾಡುತ್ತಿದ್ದಾಗ ಸೆಟ್ಟಿನಲ್ಲಿ ವಾದ ಹುಟ್ಟಿತು: ಕಥೆಯಲ್ಲಿ ಕಾರಿನ ಡ್ರೈವರ್ ಸಾಯುತ್ತಾನಲ್ಲ, ಅದು ಕೊಲೆಯೋ ಆತ್ಮಹತ್ಯೆಯೋ? ಲೇಖಕರಿಗೇ ತಂತಿ ಕಳಿಸಿ ಕೇಳಿದರು. ತನಗೂ ಗೊತ್ತಿಲ್ಲ ಎಂದರು ಚಾಂಡ್ಲರ್. ಇಷ್ಟು ಕಥೆ ಹಲವರಿಗೆ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಮುಂದೆ ನಡೆಯಿತು. 1945ರಲ್ಲಿ ಸಿದ್ಧವಾದ ಮೊದಲ ಪ್ರತಿಯಲ್ಲಿ, ಜಿಲ್ಲಾ ಅಟಾರ್ನಿಯ ಕಚೇರಿಯಲ್ಲಿ ಕೂತು ಇಡೀ ಗೋಜಲನ್ನು ಬಿಡಿಸಿ ಹೇಳುವ ದೃಶ್ಯವೊಂದಿತ್ತು. 1946ರಲ್ಲಿ ಚಿತ್ರ ಬಿಡುಗಡೆಯಾದಾಗ ಆ ದೃಶ್ಯ ಕತ್ತರಿಗೆ ಬಲಿಯಾಗಿತ್ತು. ಹಂಫ್ರಿ ಬೋಗಾರ್ಟ್ ಮತ್ತು ಲಾರೆನ್ ಬಕಾಲ್ ಎದುರುಬದುರಾಗುವ ಹೊಸ ದೃಶ್ಯಗಳು ಸೇರಿಕೊಂಡಿದ್ದವು. ಕಥೆ ಮೊದಲಿಗಿಂತ ಹೆಚ್ಚು ಗೋಜಲಾಯಿತು, ಚಿತ್ರ ಮಾತ್ರ ಗೆದ್ದಿತು. ಚಾಂಡ್ಲರ್ ಕಾದಂಬರಿಯಲ್ಲಿ ಇದ್ದ ಲಾಸ್ ಏಂಜಲೀಸ್, ಅಲ್ಲಿನ ಸಿರಿವಂತ ಮನೆಗಳ ಕೊಳಕು, ಆ ಕೊಳಕಿನ ನಡುವೆ ಬೆಲೆಗೆ ಬಗ್ಗದೆ ನಡೆಯುವ ಒಬ್ಬ ಮನುಷ್ಯ, ಇವು ಉಳಿದಿದ್ದವು.

ಹಿಚ್‌ಕಾಕ್ ಅವರ ‘ವರ್ಟಿಗೊ’ ಕೂಡ ಇದೇ ದಾರಿ ಹಿಡಿದದ್ದು. ಬ್ವಾಲೊ ಮತ್ತು ನಾರ್ಸೆಜಾಕ್ ಎಂಬ ಫ್ರೆಂಚ್ ಜೋಡಿ ಬರೆದ ಮೂಲ ಕಾದಂಬರಿಯಲ್ಲಿ ಗುಟ್ಟು ಬಯಲಾಗುವುದು ಕೊನೆಯಲ್ಲಿ. 1958ರ ಚಿತ್ರದಲ್ಲಿ ಅದು ಇನ್ನೂ ಸಾಕಷ್ಟು ಕಥೆ ಬಾಕಿ ಇರುವಾಗಲೇ ಬಯಲಾಗುತ್ತದೆ. ಆಮೇಲಿನ ಭಾಗವೇ ಚಿತ್ರದ ಪ್ರಾಣ.

ಪುಟ ಮರೆಮಾಚುವ ಬಗೆ ಬೇರೆ, ಕ್ಯಾಮೆರಾ ಮರೆಮಾಚುವ ಬಗೆ ಬೇರೆ ಎಂಬುದನ್ನು ಅಗಾಥಾ ಕ್ರಿಸ್ಟಿಯವರ 1926ರ ‘ದಿ ಮರ್ಡರ್ ಆಫ್ ರಾಜರ್ ಅಕ್ರಾಯ್ಡ್’ ಬಹಳ ಚೆನ್ನಾಗಿ ಕಾಣಿಸುತ್ತದೆ. ಅದನ್ನು ಓದದವರಿಗೆ ಅನ್ಯಾಯ ಮಾಡದೆ ಹೇಳುವುದಾದರೆ, ಆ ಕಾದಂಬರಿಯ ಶಕ್ತಿಯೆಲ್ಲ ಕಥೆ ಹೇಳುವ ದನಿಯಲ್ಲಿದೆ. ಒಂದು ವಾಕ್ಯಕ್ಕೂ ಅದರ ಮುಂದಿನ ವಾಕ್ಯಕ್ಕೂ ನಡುವೆ ಏನನ್ನು ಬಿಟ್ಟಿದ್ದಾರೆ ಎಂಬುದರಲ್ಲಿದೆ. ಇದನ್ನು ಕಣ್ಣಿಗೆ ತೋರಿಸುವುದಾದರೂ ಹೇಗೆ? 1928ರಲ್ಲಿ ಮೈಕೆಲ್ ಮಾರ್ಟನ್ ಇದನ್ನು ‘ಅಲಿಬೈ’ ಎಂಬ ನಾಟಕ ಮಾಡಿದರು, ಮುಂದೆ ಅದು ಚಿತ್ರವೂ ಆಯಿತು. ನಾಟಕದ ಸಿದ್ಧತೆಯಲ್ಲಿ ಪತ್ತೇದಾರ ಪೊಯಿರೊನ ವಯಸ್ಸನ್ನು ಇಳಿಸಿ, ಹುಡುಗಿಯರು ಅವನಿಗೆ ಮನಸೋಲುವ ಹಾಗೆ ಮಾಡುವ ಮಾತು ಬಂದಾಗ ಕ್ರಿಸ್ಟಿ ಒಪ್ಪಲಿಲ್ಲ. ಆದರೆ ಇನ್ನೊಂದನ್ನು ತಡೆಯಲು ಅವರಿಗೆ ಆಗಲಿಲ್ಲ. ಕಾದಂಬರಿಯಲ್ಲಿ ಊರ ಡಾಕ್ಟರ ಅಕ್ಕ ಕ್ಯಾರೊಲಿನ್ ಎಂಬ ಪಾತ್ರವಿತ್ತು. ಮನೆಯಿಂದ ಹೊರಗೆ ಕಾಲಿಡದೆಯೇ ಊರಿನ ಸುದ್ದಿಯನ್ನೆಲ್ಲ ಬಲ್ಲ, ಮದುವೆಯಾಗದ, ಚುರುಕು ನಾಲಗೆಯ ಹೆಂಗಸು. ನಾಟಕದಲ್ಲಿ ಅವಳನ್ನು ತೆಗೆದು ಅಲ್ಲಿ ಒಬ್ಬ ಚೆಲುವೆಯನ್ನು ಕೂರಿಸಿದರು. ಕ್ರಿಸ್ಟಿಗೆ ಅದು ಬಹಳ ನೋವು ತಂದಿತು. ತಮ್ಮ ಪತ್ತೇದಾರಿಣಿ ಮಿಸ್ ಮಾರ್ಪಲ್ ಹುಟ್ಟಿದ್ದರ ಹಿಂದೆ ಆ ಕ್ಯಾರೊಲಿನ್ ಇದ್ದಿರಬಹುದೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು, ಕ್ರಿಸ್ಟಿ ನೊಂದದ್ದು ತಿರುವು ಕೆಟ್ಟಿತೆಂದಲ್ಲ, ಒಂದು ಹಳ್ಳಿಯ ಒಬ್ಬ ಹೆಂಗಸು ಕಾಣೆಯಾದಳೆಂದು. ತಿರುವಿನ ವಿಷಯದಲ್ಲಿ ಅವರೇ ಬಹಳ ಧಾರಾಳಿ. ದ್ವೀಪವೊಂದರಲ್ಲಿ ಹತ್ತು ಮಂದಿ ಒಬ್ಬೊಬ್ಬರಾಗಿ ಸಾಯುವ ‘ಆ್ಯಂಡ್ ದೆನ್ ದೇರ್ ವರ್ ನನ್’ ಕಾದಂಬರಿಯನ್ನು 1943ರಲ್ಲಿ ನಾಟಕ ಮಾಡಿದಾಗ ಕೊನೆಯನ್ನು ಬದಲಿಸಿದವರು ಸ್ವತಃ ಕ್ರಿಸ್ಟಿ. ರಂಗದ ಮೇಲೆ ಯಾರೂ ಉಳಿಯದಿದ್ದರೆ ಕಥೆ ಹೇಳುವವರು ಯಾರು ಎಂಬ ತೊಡಕಿತ್ತು. 1945ರ ರೆನೆ ಕ್ಲೇರ್ ಚಿತ್ರ ಹಿಡಿದದ್ದು ನಾಟಕದ ಆ ಮೃದುವಾದ ಕೊನೆಯನ್ನೇ. ನಂತರದ ಇಂಗ್ಲಿಷ್ ಚಿತ್ರಗಳೂ ಅದನ್ನೇ ಹಿಡಿದವು. 1987ರಲ್ಲಿ ಸೋವಿಯತ್ ನಿರ್ದೇಶಕ ಗೊವೊರುಖಿನ್, 2015ರಲ್ಲಿ ಬಿಬಿಸಿ, ಕಾದಂಬರಿಯ ಕಠೋರ ಕೊನೆಗೆ ಮರಳಿದಾಗಲೇ ಆ ಕಥೆಗೆ ಅದರ ಭಾರ ಬಂದದ್ದು. ಹಾಗಾಗಿ ‘ಗುಟ್ಟನ್ನು ಬಿಟ್ಟುಕೊಡಿ’ ಎಂದರೆ ‘ಕೊನೆಯನ್ನು ಸಿಹಿ ಮಾಡಿ’ ಎಂದಲ್ಲ. ಆ ದ್ವೀಪಕ್ಕೆ ಬಂದ ಹತ್ತು ಜನರೂ ಕಾನೂನಿಗೆ ಸಿಗದ ಪಾಪದ ಹೊಣೆ ಹೊತ್ತವರು. ಅದೇ ಆ ಕಾದಂಬರಿಯ ಕಾರಣ. ಇಬ್ಬರು ನಿರ್ದೋಷಿಗಳಾಗಿ ದೋಣಿ ಹತ್ತಿ ಪಾರಾದರೆ ಆ ಕಾರಣವೇ ಸತ್ತುಹೋಗುತ್ತದೆ.

ಇನ್ನು ಮುಖಗಳ ವಿಷಯ. ಮತ್ತೆ ರಾಯ್ ಅವರಿಗೇ ಬರಬೇಕು. ಫೆಲುದಾನ ಜತೆಗಾರ ಲಾಲಮೋಹನ ಗಂಗೂಲಿ, ಕಾವ್ಯನಾಮ ಜಟಾಯು, ತಾನೇ ಜನಪ್ರಿಯ ರೋಚಕ ಕಾದಂಬರಿಗಳ ಲೇಖಕ. ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರೂ ರಾಯ್ ಅವರೇ. ಸಿನಿಮಾದಲ್ಲಿ ಜಟಾಯು ಆದವರು ಸಂತೋಷ್ ದತ್ತ, ವೃತ್ತಿಯಿಂದ ವಕೀಲರು. ಬೋಳುತಲೆ, ಮೀಸೆ, ಎಲ್ಲದಕ್ಕೂ ಬೆರಗಾಗುವ ಕಣ್ಣು. ಚಿತ್ರ ಬಂದ ಮೇಲೆ ಬರೆದ ಕಾದಂಬರಿಗಳ ರೇಖಾಚಿತ್ರಗಳಲ್ಲಿ ಜಟಾಯು ಸಂತೋಷ್ ದತ್ತರ ಹಾಗೆಯೇ ಕಾಣತೊಡಗಿದ. ಅಂದರೆ ನಟ ಕಾಗದದ ಮೇಲಿನ ಪಾತ್ರವನ್ನೇ ತಿದ್ದಿಬಿಟ್ಟ, ಲೇಖಕ ಅದನ್ನು ಸಂತೋಷದಿಂದ ಒಪ್ಪಿಕೊಂಡರು. 1979ರಲ್ಲಿ ಕಾಶಿಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ‘ಜೊಯ್ ಬಾಬಾ ಫೇಲುನಾಥ್’ ಬಂತು. ಅದರಲ್ಲಿ ಖಳನಾಯಕ ಮಗನಲಾಲ ಜಟಾಯುವನ್ನು ಹಲಗೆಯ ಮುಂದೆ ನಿಲ್ಲಿಸಿ ಚಾಕು ಎಸೆಸುವ ದೃಶ್ಯ ಇಂದಿಗೂ ಬಂಗಾಳಿಗಳ ನಾಲಗೆಯ ಮೇಲಿದೆ. ಅಲ್ಲಿಯೂ ದುಷ್ಟ ಯಾರೆಂಬುದು ಗುಟ್ಟಲ್ಲ. 1988ರಲ್ಲಿ ಸಂತೋಷ್ ದತ್ತ ತೀರಿಕೊಂಡ ಮೇಲೆ ರಾಯ್ ಫೆಲುದಾ ಚಿತ್ರ ಮಾಡುವುದನ್ನೇ ಬಿಟ್ಟರು.

ಇಂಗ್ಲೆಂಡಿನ ಕಾಲಿನ್ ಡೆಕ್ಸ್ಟರ್ ಅವರಿಗೂ ಹೀಗೇ ಆಯಿತು. 1975ರಲ್ಲಿ ಶುರುವಾದ ಅವರ ಇನ್‌ಸ್ಪೆಕ್ಟರ್ ಮೋರ್ಸ್ ಕಾದಂಬರಿಗಳಲ್ಲಿ ಮೋರ್ಸ್ ಓಡಿಸುತ್ತಿದ್ದದ್ದು ಲ್ಯಾನ್ಸಿಯಾ ಕಾರು, ಸಹಾಯಕ ಲೂಯಿಸ್ ವಯಸ್ಸಾದ ವೇಲ್ಸ್‌ನವನು. 1987ರಲ್ಲಿ ಟಿವಿ ಸರಣಿ ಬಂದಾಗ ಕಾರು ಕೆಂಪು ಜಾಗ್ವಾರ್ ಆಯಿತು, ಲೂಯಿಸ್ ಉತ್ತರ ಇಂಗ್ಲೆಂಡಿನ ಎಳೆಯನಾದ. ಡೆಕ್ಸ್ಟರ್ ಜಗಳಕ್ಕೆ ನಿಲ್ಲಲಿಲ್ಲ. ಮುಂದಿನ ಪುಸ್ತಕಗಳಲ್ಲಿ ತಾವೇ ಅದಕ್ಕೆ ಹೊಂದಿಸಿಕೊಂಡರು, ಸರಣಿಯ ಕಂತುಗಳಲ್ಲಿ ಸಣ್ಣಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಂಡರು. ಏಕೆಂದರೆ ಆಕ್ಸ್‌ಫರ್ಡ್ ಅಲುಗಾಡಿರಲಿಲ್ಲ. ಕಾಲೇಜುಗಳು, ಪಬ್ಬುಗಳು, ಪದಬಂಧದ ಹುಚ್ಚು, ವ್ಯಾಗ್ನರ್ ಸಂಗೀತ, ಎಲ್ಲ ಇದ್ದಲ್ಲೇ ಇದ್ದವು.

ಕ್ರಿಸ್ಟಿಯವರ ಮಿಸ್ ಮಾರ್ಪಲ್‌ಗೆ ಅಂಥ ಅದೃಷ್ಟ ತಡವಾಗಿ ಬಂತು. 1961ರಿಂದ 64ರವರೆಗೆ ಮಾರ್ಗರೆಟ್ ರುದರ್‌ಫರ್ಡ್ ಅವರನ್ನು ಹಾಕಿಕೊಂಡು ಎಂಜಿಎಂ ನಾಲ್ಕು ಚಿತ್ರ ಮಾಡಿತು. ಎರಡರಲ್ಲಿ ಪೊಯಿರೊ ಕಾದಂಬರಿಗಳನ್ನೇ ಎತ್ತಿ ಮಾರ್ಪಲ್‌ಗೆ ತೊಡಿಸಿದರು. ಇನ್ನೊಂದಕ್ಕೆ ಕ್ರಿಸ್ಟಿ ಬರೆದ ಕಥೆಯೇ ಇರಲಿಲ್ಲ. ಲೇಖಕಿ ನಟಿಯನ್ನು ಮೆಚ್ಚಿದರು, 1962ರ ಒಂದು ಕಾದಂಬರಿಯನ್ನು ಅವರಿಗೇ ಅರ್ಪಿಸಿದರು. ಆ ಚಿತ್ರಗಳನ್ನು ಮಾತ್ರ ಮೆಚ್ಚಲಿಲ್ಲ. ಅದಕ್ಕೂ ಬಹಳ ಹಿಂದೆಯೇ, ತಮ್ಮ ನಾಟಕವೊಂದರಲ್ಲಿ ನಟಿಸಿದ್ದ ಜೋನ್ ಹಿಕ್ಸನ್ ಅವರಿಗೆ, ನೀವೊಂದು ದಿನ ನನ್ನ ಮಿಸ್ ಮಾರ್ಪಲ್ ಆಗಬೇಕು ಎಂಬರ್ಥದ ಚೀಟಿ ಬರೆದಿದ್ದರು. ಹಿಕ್ಸನ್ ಆ ಪಾತ್ರ ಮಾಡಿದ್ದು 1984ರಲ್ಲಿ. ಕ್ರಿಸ್ಟಿ ತೀರಿಕೊಂಡು ಎಂಟು ವರ್ಷ ಕಳೆದಿತ್ತು.

ಊರಿನ ಮಾತಿಗೆ ಬಂದರೆ ಉಂಬರ್ಟೊ ಇಕೊ ಅವರನ್ನು ಮೀರಿಸಿದವರಿಲ್ಲ. ಮಧ್ಯಯುಗದ ಮಠವೊಂದರಲ್ಲಿ ಸಾಲುಸಾಲು ಸಾವುಗಳ ಕಥೆ ಹೇಳುವ ‘ದಿ ನೇಮ್ ಆಫ್ ದಿ ರೋಸ್’ (1980) ಬರೆಯುವ ಮೊದಲು ಅವರು ಆ ಮಠದ ನಕ್ಷೆ ಬರೆದುಕೊಂಡಿದ್ದರು. ಊಟದ ಮನೆಯಿಂದ ಅಂಗಳದ ಪಡಸಾಲೆಗೆ ಎಷ್ಟು ದೂರ, ಮೆಟ್ಟಿಲು ಎಲ್ಲಿದೆ, ಎಲ್ಲವೂ ಕಣ್ಣೆದುರಿಗಿರಬೇಕು. ಇಬ್ಬರು ಸನ್ಯಾಸಿಗಳು ಮಾತಾಡುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದರೆ, ಅವರು ತಲುಪಿದ ಹೊತ್ತಿಗೆ ಮಾತೂ ಮುಗಿದಿರಬೇಕು. ನಿಮ್ಮ ಸಂಭಾಷಣೆಗಳ ಅಳತೆ ಸಿನಿಮಾಕ್ಕೆ ಸರಿಯಾಗಿದೆ ಎಂದು ನಿರ್ದೇಶಕ ಮಾರ್ಕೊ ಫೆರೆರಿ ಹೇಳಿದಾಗ ಇಕೊಗೆ ಆಶ್ಚರ್ಯವೇನೂ ಆಗಲಿಲ್ಲ. 1986ರಲ್ಲಿ ಜಾನ್-ಜಾಕ್ ಅನೋ ಅದನ್ನು ಚಿತ್ರ ಮಾಡಿದಾಗ ಒಳದೃಶ್ಯಗಳಿಗೆ ಜರ್ಮನಿಯ ಹಳೆಯ ಎಬರ್‌ಬಾಖ್ ಮಠ ಸಿಕ್ಕಿತು, ಹೊರಗಿನ ಮಠವನ್ನು ರೋಮ್ ಹತ್ತಿರ ದೊಡ್ಡ ಸೆಟ್ ಹಾಕಿ ಕಟ್ಟಿದರು. ಕಾದಂಬರಿಯ ದೇವತಾಶಾಸ್ತ್ರದ ವಾದಗಳು ಬಹುಪಾಲು ಹೋದವು. ಚಳಿ, ಕತ್ತಲೆ, ಪುಸ್ತಕಗಳ ಭಯ ಉಳಿದವು. ಸಿನಿಮಾ ಆಗಲಿ ಎಂದು ಬರೆದ ಕಾದಂಬರಿಗೆ ಈ ಮರ್ಯಾದೆ ಸಿಗುತ್ತಿರಲಿಲ್ಲ. ಊರನ್ನು ಅಂಗುಲ ಅಂಗುಲವಾಗಿ ತಿಳಿದು ಬರೆದದ್ದರಿಂದ ಸಿಕ್ಕಿತು.

ತಮ್ಮ ಕಾದಂಬರಿಗೆ ತಾವೇ ಚಿತ್ರಕಥೆ ಬರೆದವರ ಪೈಕಿ ಇತ್ತೀಚಿನವರಲ್ಲಿ ಆಂಥನಿ ಹೊರೊವಿಟ್ಸ್ ಮಾಡಿದ ಕೆಲಸ ಕಲಿಯಲು ಯೋಗ್ಯ. ‘ಮ್ಯಾಗ್‌ಪೈ ಮರ್ಡರ್ಸ್’ (2016) ಕಾದಂಬರಿಯ ಮೊದಲರ್ಧ ಅಲನ್ ಕಾನ್‌ವೇ ಎಂಬ ಲೇಖಕನ ಹಸ್ತಪ್ರತಿ, ಅದಕ್ಕೆ ಕೊನೆಯ ಅಧ್ಯಾಯವೇ ಇಲ್ಲ. ದ್ವಿತೀಯಾರ್ಧದಲ್ಲಿ ಅವನ ಸಂಪಾದಕಿ ಸುಸಾನ್ ಆ ಅಧ್ಯಾಯವನ್ನೂ ಅವನ ಸಾವಿನ ಕಾರಣವನ್ನೂ ಹುಡುಕುತ್ತಾಳೆ. ಇದನ್ನು ಹಾಗೆಯೇ ತೆರೆಗೆ ತಂದರೆ ಮುಖ್ಯ ನಟಿ ಅರ್ಧ ಕಥೆ ಮುಗಿದ ಮೇಲೆ ಬರಬೇಕಾಗುತ್ತಿತ್ತು. 2022ರ ಆರು ಕಂತುಗಳ ಸರಣಿಯಲ್ಲಿ ಹೊರೊವಿಟ್ಸ್ ಎರಡೂ ಕಾಲಗಳನ್ನು ಹೆಣೆದರು. ಐವತ್ತರ ದಶಕದ ಹಳ್ಳಿಯಲ್ಲಿ ಬಾಗಿಲು ತೆರೆದರೆ ಇಂದಿನ ಲಂಡನ್. ಕಾದಂಬರಿಯೊಳಗಿನ ಪತ್ತೇದಾರ ಸುಸಾನ್ ಪಕ್ಕದಲ್ಲೇ ಕೂತು ಮಾತಾಡುತ್ತಾನೆ. ಒಬ್ಬನೇ ನಟ ಎರಡೂ ಲೋಕದಲ್ಲಿ ಎರಡು ಪಾತ್ರ ಮಾಡುತ್ತಾನೆ, ಹಾಗಾಗಿ ಕಾನ್‌ವೇ ತನ್ನ ಸುತ್ತಲಿನವರನ್ನೇ ಪಾತ್ರ ಮಾಡಿಕೊಂಡಿದ್ದ ಎಂಬುದು ಹೇಳದೆಯೇ ಕಣ್ಣಿಗೆ ಬೀಳುತ್ತದೆ. ಪುಟಗಳ ಮೇಲೆ ಇಲ್ಲದಿದ್ದ ಒಂದು ಸುಖ ಇದು. ಹೊರೊವಿಟ್ಸ್ ಈ ಮೊದಲು ಪೊಯಿರೊ ಸರಣಿಗೆ ಬರೆದು ಪಳಗಿದವರು. ಪತ್ರಕರ್ತೆಯಾಗಿದ್ದ ಗಿಲಿಯನ್ ಫ್ಲಿನ್ ಕೂಡ ತಮ್ಮ ‘ಗಾನ್ ಗರ್ಲ್’ ಕಾದಂಬರಿಗೆ 2014ರಲ್ಲಿ ತಾವೇ ಚಿತ್ರಕಥೆ ಬರೆದು ಗೆದ್ದರು.

ಈಗ ನಮ್ಮ ಮನೆಯ ಮಾತು. ಕಾದಂಬರಿಯನ್ನು ಚಿತ್ರ ಮಾಡುವುದರಲ್ಲಿ ಕನ್ನಡ ಯಾರಿಗೂ ಕಡಿಮೆಯಿರಲಿಲ್ಲ. ತ್ರಿವೇಣಿಯವರ ‘ಬೆಳ್ಳಿ ಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’, ಎಲ್ಲವೂ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರಗಳಾದವು. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ‘ನಾಗರಹಾವು’ ಆಯಿತು. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತರಾಸು ನೊಂದು ಆಡಿದರೆನ್ನುವ ಮಾತು ಇಂದಿಗೂ ಚಿತ್ರರಂಗದಲ್ಲಿ ಓಡಾಡುತ್ತದೆ. ಲೇಖಕರ ನೋವನ್ನು ಗೌರವಿಸಿಯೂ ಒಂದು ಮಾತು ಹೇಳಬಹುದು. ಪುಟ್ಟಣ್ಣ ಚಿತ್ರದುರ್ಗವನ್ನು ಬಿಟ್ಟುಕೊಡಲಿಲ್ಲ. ಆ ಕಲ್ಲುಬಂಡೆಗಳಿಲ್ಲದೆ ಚಿತ್ರದ ನಾಯಕ ರಾಮಾಚಾರಿ ಇಲ್ಲ. ಚಿತ್ರ ಐವತ್ತು ವರ್ಷ ದಾಟಿ ಉಳಿದದ್ದರಲ್ಲಿ ಆ ಕೋಟೆಗೂ ಪಾಲಿದೆ.

ಆದರೆ ಆ ಸುವರ್ಣ ಕಾಲದಲ್ಲೂ ಪತ್ತೇದಾರಿ ಕಾದಂಬರಿಗೆ ಚಿತ್ರರಂಗದ ಪಂಕ್ತಿಯಲ್ಲಿ ಎಲೆ ಹಾಕಿದ್ದು ಕಡಿಮೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದು ತಲೆಮಾರು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನ ಬಾಡಿಗೆಗೆ ತಂದು, ಪಠ್ಯಪುಸ್ತಕದ ಒಳಗಿಟ್ಟು ಓದಿತು. ಎಷ್ಟೋ ಮಂದಿ ಕನ್ನಡ ಓದುವ ರುಚಿ ಹತ್ತಿಸಿಕೊಂಡದ್ದೇ ಅವರಿಂದ. ಬಂಗಾಳದಲ್ಲಿ ಫೆಲುದಾ, ವ್ಯೋಮಕೇಶರಿಗೆ ಸಿಕ್ಕ ಬೆಳ್ಳಿತೆರೆಯ ಬಾಳು ಪುರುಷೋತ್ತಮನಿಗೆ ಸಿಗಲಿಲ್ಲ. ಪತ್ತೇದಾರಿ ಕಥೆಗಳಿಂದ ಮನೆಮಾತಾಗಿದ್ದ ಟಿ.ಕೆ. ರಾಮರಾಯರ ಹೆಸರು ಸಿನಿಮಾ ಇತಿಹಾಸದಲ್ಲಿ ನಿಂತಿರುವುದು ‘ಬಂಗಾರದ ಮನುಷ್ಯ’ದಿಂದ. ಅದು ಬೇಸಾಯದ ಕಥೆ, ಪತ್ತೇದಾರಿಯದಲ್ಲ. ಈಚೆಗೆ ‘ರಂಗಿತರಂಗ’ (2015), ‘ಕವಲುದಾರಿ’ (2019), ‘ಬೆಲ್ ಬಾಟಂ’ (2019) ಬಂದು ಗೆದ್ದ ಮೇಲೆ ಕನ್ನಡ ಪ್ರೇಕ್ಷಕನಿಗೆ ರಹಸ್ಯಕಥೆ ಒಗ್ಗುವುದಿಲ್ಲ ಎಂದು ಯಾರೂ ಹೇಳಲಾರರು. ‘ರಂಗಿತರಂಗ’ದ ನಾಯಕನೇ ಕಾದಂಬರಿಕಾರ. ಆದರೂ ಇವು ತೆರೆಗೆಂದೇ ಹುಟ್ಟಿದ ಕಥೆಗಳು. ಪುಸ್ತಕದ ಅಂಗಡಿಯಲ್ಲಿ ಸಿದ್ಧವಾಗಿರುವ ಕಥೆಗಳ ಕಡೆ ನಿರ್ಮಾಪಕರು ಇನ್ನೂ ಕಣ್ಣು ಹಾಯಿಸಬೇಕಾಗಿದೆ.

ಹಾಯಿಸಿದರೆ ಏನು ಸಿಕ್ಕೀತು? ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಇದೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂಥ ತೆನೆಯಿಂದ ಹೊರಡುವ ರಹಸ್ಯ ಅದು. ಅವರ ಕಾದಂಬರಿಗಳ ವಿಶೇಷವೆಂದರೆ ಅಡಿಟಿಪ್ಪಣಿಗಳು. ಕಥೆಯಲ್ಲಿ ಬರುವ ಸಂಗತಿ ಯಾವ ಶಾಸನದಲ್ಲಿದೆ, ಯಾವ ಸಂಶೋಧನೆಯಲ್ಲಿದೆ ಎಂದು ಅಲ್ಲಲ್ಲೇ ಹೇಳಿರುತ್ತಾರೆ. ಓದುವವರಿಗೆ ಅರ್ಧ ರೋಮಾಂಚನ ಅದರಲ್ಲೇ ಇದೆ, ಇದು ಬರೀ ಕಟ್ಟುಕಥೆಯಲ್ಲ ಎಂಬ ಅರಿವಿನಲ್ಲಿ. ಅಡಿಟಿಪ್ಪಣಿಯನ್ನು ಕ್ಯಾಮೆರಾಕ್ಕೆ ತೋರಿಸಲು ಬರುವುದಿಲ್ಲ. ಪಾತ್ರಗಳ ಬಾಯಲ್ಲಿ ಹೇಳಿಸಿದರೆ ಉಪನ್ಯಾಸವಾಗುತ್ತದೆ. ಇಲ್ಲಿ ಬಿಟ್ಟುಕೊಡಬೇಕಾದದ್ದು ಟಿಪ್ಪಣಿಯನ್ನು. ಉಳಿಸಿಕೊಳ್ಳಬೇಕಾದದ್ದು ಸೋಮನಾಥಪುರದ ಗೋಡೆಯ ಮುಂದೆ ನಿಂತು, ಬೆಳಕು ವಾಲಿದಾಗ ತೆನೆಯ ಒಂದೊಂದು ಕಾಳೂ ಎದ್ದು ಕಾಣುವ ಆ ಗಳಿಗೆಯನ್ನು. ಎರಡು ನಿಮಿಷ ಮಾತಿಲ್ಲದೆ ಆ ಕಲ್ಲನ್ನು ತೋರಿಸುವ ಧೈರ್ಯ ನಿರ್ದೇಶಕನಿಗಿದ್ದರೆ ಹತ್ತು ಪುಟದ ವಿವರಣೆ ಬೇಡ.

ಎರಡೂವರೆ ಗಂಟೆಯ ಚಿತ್ರಕ್ಕಿಂತ ಆರೆಂಟು ಕಂತುಗಳ ಸರಣಿ ಇಂಥ ಕಾದಂಬರಿಗಳಿಗೆ ಹೆಚ್ಚು ಒಪ್ಪುತ್ತದೆ. ಜೀ5ನಲ್ಲಿ 2025ರಲ್ಲಿ ಬಂದ ‘ಅಯ್ಯನ ಮನೆ’ ಹಿಡಿದದ್ದು ರಹಸ್ಯದ ದಾರಿಯನ್ನೇ. ಬಾಗಿಲು ತೆರೆದಿದೆ. ಆದರೆ ಲೇಖಕರು ಒಳಗೆ ಹೋಗುವ ಮೊದಲು ಕರಾರುಪತ್ರವನ್ನು ಕಾದಂಬರಿಯಷ್ಟೇ ಗಮನವಿಟ್ಟು ಓದಬೇಕು. ಹಕ್ಕು ಎಷ್ಟು ವರ್ಷಕ್ಕೆ, ಅಷ್ಟರಲ್ಲಿ ಚಿತ್ರ ಆಗದಿದ್ದರೆ ಹಕ್ಕು ಮರಳುವುದೇ, ಬೇರೆ ಭಾಷೆಗೆ ಹೋದರೆ ಪಾಲು ಏನು, ಹೆಸರು ತೆರೆಯ ಮೇಲೆ ಎಲ್ಲಿ ಬರುತ್ತದೆ, ಇಷ್ಟನ್ನಾದರೂ ಬರಹದಲ್ಲಿ ಪಡೆಯಬೇಕು. ಇನ್ನೊಂದನ್ನು ಕೇಳಿ ಪಡೆಯಬೇಕು: ಚಿತ್ರಕಥೆಯ ಮೊದಲ ಕರಡಿನ ಚರ್ಚೆಗೆ ಒಂದು ಕುರ್ಚಿ. ತಿರುವನ್ನು ಕಾಯಲು ಅಲ್ಲ, ಊರನ್ನು ಕಾಯಲು. ಬೇಡವೆನ್ನುವ ಹಕ್ಕೂ ಲೇಖಕರದೇ. ಕಿನ್ಸಿ ಮಿಲ್‌ಹೋನ್ ಎಂಬ ಪತ್ತೇದಾರಿಣಿಯನ್ನು ಸೃಷ್ಟಿಸಿದ ಅಮೆರಿಕದ ಸೂ ಗ್ರಾಫ್ಟನ್ ವರ್ಷಗಟ್ಟಲೆ ಹಾಲಿವುಡ್ಡಿನಲ್ಲಿ ಚಿತ್ರಕಥೆ ಬರೆದು ಒಳಗಿನ ಹದ ಬಲ್ಲವರು. ಆ ಕಾರಣಕ್ಕೇ ಜೀವ ಇರುವವರೆಗೆ ತಮ್ಮ ಕಾದಂಬರಿಗಳನ್ನು ಮಾರಲಿಲ್ಲ, ಮಕ್ಕಳೂ ಮಾರಕೂಡದೆಂದು ಹೇಳಿದ್ದರು. 2017ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಕುಟುಂಬ ಹಕ್ಕು ಮಾರಿತು. ಕಾಲ ಬದಲಾಗಿದೆ, ಟಿವಿಯ ಗುಣಮಟ್ಟ ಬದಲಾಗಿದೆ ಎಂಬ ಸಮಾಧಾನ ಹೇಳಬಹುದು. ಆದರೂ ಲೇಖಕಿ ಇಲ್ಲದಾಗ ಅವರ ಮಾತನ್ನು ದಾಟಿದ್ದು ದುಃಖದ ಸಂಗತಿಯೇ.

ಕನ್ನಡದಲ್ಲಿ ತೆರೆಗೆ ಬರಲೇಬೇಕಾದ ರಹಸ್ಯ ಕಾದಂಬರಿ ಯಾವುದೆಂದು ಓದುಗರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಹೆಸರು, ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’. ಅದನ್ನು ಚಿತ್ರ ಮಾಡುವ ಸುದ್ದಿ ಒಂದಕ್ಕಿಂತ ಹೆಚ್ಚು ಬಾರಿ ಬಂದಿದೆ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಗಂಡಹೆಂಡಿರ ಒಂದು ದಿನದ ಪ್ರಯಾಣ. ಅದರೊಳಗೆ ಕಳ್ಳಸಾಗಣೆ, ಹಳೆಯ ಕಾವ್ಯದಲ್ಲಿ ಅಡಗಿದ ಸಂಕೇತ, ಕೆಂಪು ಹರಳುಗಳ ಆಸೆ, ಸಹ್ಯಾದ್ರಿಯ ಕಾಡನ್ನು ಬಗೆದು ತಿನ್ನುವ ಜಾಲ. ಇದನ್ನು ತೆರೆಗೆ ತರುವವರಿಗೆ ದೊಡ್ಡ ಆಮಿಷ ಸುರೇಶನನ್ನು ಹೊಡೆದಾಡುವ ನಾಯಕ ಮಾಡುವುದು. ಹಾಗಾದರೆ ಕಥೆ ಮುಗಿಯಿತು. ಅವನು ಏಲಕ್ಕಿ ಬೆಲೆಯ ಚಿಂತೆಯಲ್ಲಿರುವ, ತನ್ನ ಸುತ್ತ ಏನು ನಡೆಯುತ್ತಿದೆಯೆಂದು ಪೂರ್ತಿ ಅರಿಯದ ಸಾಮಾನ್ಯ ಬೆಳೆಗಾರ. ಅವನ ಜೀವಕ್ಕೆ ಯಾರು ಹೊಂಚು ಹಾಕಿದ್ದಾರೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ನಷ್ಟವೇನೂ ಇಲ್ಲ, ರಾಯ್ ನಾಹರಗಢದಲ್ಲಿ ಮಾಡಿದ್ದು ಅದನ್ನೇ. ಬೇಕಾದದ್ದು ಘಾಟಿಯ ರಸ್ತೆ, ಮಂಜು, ಎರಡೂ ಕಡೆಯಿಂದ ಒತ್ತುವ ಕಾಡು, ಕೂತವರಲ್ಲಿ ಯಾರು ಯಾರೆಂದು ತಿಳಿಯದ ಒಂದು ಬಸ್ಸು, ಮಡಿಲಲ್ಲಿ ಏಲಕ್ಕಿ ಮಾರಿದ ದುಡ್ಡಿಟ್ಟುಕೊಂಡ ಇಬ್ಬರು. ಚಿತ್ರೀಕರಣ ಮಲೆನಾಡಿನಲ್ಲೇ, ಮಳೆ ಹಿಡಿದ ತಿಂಗಳಲ್ಲೇ ಆಗಬೇಕು. ಅಲ್ಲಿನ ಮಾತಿನ ಧಾಟಿ ಬಲ್ಲ ನಟರೇ ಸಣ್ಣ ಪಾತ್ರಗಳಿಗೂ ಬೇಕು. ಇಷ್ಟಕ್ಕೆ ಒಪ್ಪುವ ನಿರ್ಮಾಪಕ ಮುಂದೆ ಬಂದರೆ, ಹರಳು ಎಲ್ಲಿದೆ ಎಂಬುದನ್ನು ಮೊದಲ ಕಂತಿನಲ್ಲೇ ತೋರಿಸಿದರೂ ತೇಜಸ್ವಿಯವರ ಓದುಗರು ಉಳಿದ ಕಂತುಗಳನ್ನು ಬಿಡದೆ ನೋಡುತ್ತಾರೆ.